ಪಪ್ಪನ ಸಿನಿಮಾದಲ್ಲಿ ಅಜ್ಜ ಸತ್ತದ್ದು

ನಮ್ಮ ಮನೆಯ ಚಾವಡಿಯಲ್ಲಿ ನನ್ನ ಅಜ್ಜ ಎರಡು ಸಲ ತೀರಿಕೊಂಡರು. ಮೊದಲನೆಯ ಸಲ ಪಪ್ಪ ಬಹ್ರೈನಿನಲ್ಲಿದ್ದರು. ಎರಡನೆಯ ಸಲ ಅದೇ ಚಾವಡಿಯಲ್ಲಿ, ಮಂಚದ ಪಕ್ಕದಲ್ಲೇ ಇದ್ದರು. ಕಥೆ, ಸಂಭಾಷಣೆ, ನಿರ್ದೇಶನ, ನಿರ್ಮಾಣ ಎಲ್ಲ ಅವರದೇ, ನಾಯಕನೂ ಅವರೇ. ಆ ಎರಡನೆಯ ಸಾವನ್ನು ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ ನನಗೆ. ಕಾರ್ಕಳದ ಈ ಮನೆಯಲ್ಲಿ ನನ್ನ ಮಕ್ಕಳಿಗೆ, ಈಗ ಮಕ್ಕಳ ಗೆಳೆಯರಿಗೂ, ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಆದರೆ ಹೇಳುವಾಗಲೆಲ್ಲ ನಗುವಿನ ಭಾಗಕ್ಕೇ ನಿಲ್ಲಿಸಿಬಿಡುತ್ತೇನೆ. ಉಳಿದದ್ದನ್ನು ಬಾಯಿಬಿಟ್ಟು ಹೇಳಲು ನನಗೆ ಬಂದಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಕಟಪಾಡಿ ಪೇಟೆಯಿಂದ ಒಳಗೆ ಹೋದರೆ ಸಿಗುವ ಹೆಂಚಿನ ಮನೆ ನನ್ನ ತವರು. ಎದುರಿಗೆ ಕೆಂಪು ನೆಲದ ಚಾವಡಿ, ಅದರ ಗೋಡೆಯಲ್ಲಿ ಏಸುವಿನ ಪಟ, ದೀಪ ಇಡುವ ಅಲ್ತಾರ್, ಅಲ್ತಾರಿನ ಕೆಳಗೆ ಅಜ್ಜಿ ಕೂರುವ ಮರದ ಮಣೆ. ಚಾವಡಿಯ ಒಂದು ಬಾಗಿಲು ಅಡುಗೆಮನೆಗೆ, ಇನ್ನೊಂದು ಮಲ್ಲಿಗೆಯ ಹಿತ್ತಿಲಿಗೆ. ನಮ್ಮ ದಿನ ಶುರುವಾಗುತ್ತಿದ್ದದ್ದು ಆ ಹಿತ್ತಿಲಿನಲ್ಲಿ. ಬೆಳಕು ಹರಿಯುತ್ತಿದ್ದಂತೆ ಅಮ್ಮ, ಅಜ್ಜಿ, ನಾನು ಮೂವರೂ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಗಿಡಗಳ ಸಾಲಿಗೆ ಇಳಿಯಬೇಕು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು, ಚಾವಡಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಪೇಟೆಯ ಹೂವಿನ ಕಟ್ಟೆಗೆ ಮಾರಲು ಕಳುಹಿಸಿದ ಮೇಲೆಯೇ ಚಾ. ಜ್ವರ ಬಂದರೂ ಹೂವಿಗೆ ರಜೆಯಿಲ್ಲ. ಹೂ ಕಟ್ಟುವಾಗ ಅಜ್ಜಿಯ ಕೈ ನೋಡಿದರೆ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿರುತ್ತವೆ, ಕಣ್ಣು ಎಲ್ಲೋ ಇರುತ್ತದೆ. ಮನೆಯ ದೊಡ್ಡ ಜಗಳಗಳು, ದೊಡ್ಡ ನಿರ್ಧಾರಗಳು, ಊರಿನ ಚಾಡಿ ಎಲ್ಲವೂ ಆ ಹೊತ್ತಿನಲ್ಲೇ ಮುಗಿಯಬೇಕಿತ್ತು. ಕೈ ಕೆಲಸದಲ್ಲಿದ್ದಾಗ ಮುಖ ನೋಡದೆ ಮಾತಾಡಬಹುದು, ಅದೊಂದು ಅನುಕೂಲ.

ಅಜ್ಜ ಮೊದಲ ಸಲ ತೀರಿಕೊಂಡಾಗ ನನಗೆ ಐದು ವರ್ಷ. ತಂಗಿಯ ಹೆರಿಗೆಗೆಂದು ಅಮ್ಮ ತವರಿಗೆ ಹೋಗಿದ್ದಳು, ನಾನೂ ಅವಳ ಸೆರಗು ಹಿಡಿದು ಹೋಗಿದ್ದೆ. ಪಪ್ಪ ಆಗಷ್ಟೇ ಬಹ್ರೈನಿಗೆ ಹೋಗಿ ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದರು. ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೇ. ಅಜ್ಜನಿಗೆ ಸ್ವಲ್ಪ ಸುಸ್ತು ಎಂದು ಅಜ್ಜಿ ಯಾರಿಂದಲೋ ಬರೆಸಿದ ಪತ್ರಕ್ಕೆ ಪಪ್ಪ, ಕ್ರಿಸ್ಮಸಿಗೆ ರಜೆ ಕೇಳಿ ನೋಡುತ್ತೇನೆ ಎಂದು ಉತ್ತರ ಬರೆದರು. ಕ್ರಿಸ್ಮಸಿಗೆ ಮೊದಲೇ ಅಜ್ಜ ಹೋದರು. ಪಪ್ಪನಿಗೆ ಸುದ್ದಿ ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ಆಮೇಲಿನ ವರ್ಷಗಳಲ್ಲಿ ಪಪ್ಪ ಎಷ್ಟು ಸಲ ರಜೆಯಲ್ಲಿ ಬಂದು ಹೋದರೂ ಆ ದಿನಗಳ ಬಗ್ಗೆ ಅಜ್ಜಿ ಅವರ ಹತ್ತಿರ ಒಂದು ಮಾತೂ ಆಡಲಿಲ್ಲ. ಪಪ್ಪನಿಗೆ ಕೇಳುವ ಧೈರ್ಯ ಇರಲಿಲ್ಲ. ನಮ್ಮಲ್ಲಿ ಸಂಜೆಯ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ ಮುಗಿದ ಕೂಡಲೇ ಕಿರಿಯರು ಹಿರಿಯರ ಎದುರು ಕೈಮುಗಿದು ಆಶೀರ್ವಾದ ಕೇಳುವ ಪದ್ಧತಿ. ನನಗೂ ತಂಗಿಗೂ ಆಶೀರ್ವಾದ ಮಾಡುವಾಗ ಕೆನ್ನೆ ಸವರುತ್ತಿದ್ದ ಅಜ್ಜಿ, ಪಪ್ಪ ಎದುರು ನಿಂತಾಗ ಮಾತ್ರ ಮುಖವನ್ನು ಅಲ್ತಾರಿನ ಕಡೆಗೆ ತಿರುಗಿಸಿ ಕೈ ಎತ್ತುತ್ತಿದ್ದಳು. ಪಪ್ಪ ಅದನ್ನು ಕೋಪವೆಂದು ತಿಳಿದರು. ನಾವೆಲ್ಲರೂ ಹಾಗೆಯೇ ತಿಳಿದಿದ್ದೆವು.

ನನಗೆ ಹನ್ನೆರಡು ವರ್ಷವಾದಾಗ ಪಪ್ಪ ಗಲ್ಫ್ ಬಿಟ್ಟು ಊರಿಗೇ ಬಂದರು. ಒಂದು ವಿ.ಸಿ.ಆರ್., ಎರಡು ಕಂಬಳಿ, ಒಂದು ಕಪ್ಪು ಕನ್ನಡಕ ಮತ್ತು ನೂರು ಪುಟದ ಒಂದು ನೋಟುಪುಸ್ತಕ ತಂದರು. ಬಂದ ವಾರದಲ್ಲೇ, ಗಂಜಿ ಊಟದ ಹೊತ್ತಿಗೆ, ನೋಟುಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ವಿಷಯ ತೆಗೆದರು. ನಮ್ಮ ಮನೆಯ ಮಾತು ಕೊಂಕಣಿ. ನೆನಪಿನಲ್ಲಿ ಅದು ಕೊಂಕಣಿಯಲ್ಲೇ ಇದ್ದರೂ ಇಲ್ಲಿ ಬರೆಯುವಾಗ ನಮ್ಮ ಕಡೆಯ ಕನ್ನಡವಾಗಿ ಬರುತ್ತದೆ.

“ನಾನೊಂದು ಸಿನಿಮಾ ತೆಗೀತೇನೆ,” ಎಂದರು.

“ಆಗ್ಲಿ. ಮೊದಲು ಮೀನು ಹಾಕ್ಕೊಳ್ಳಿ, ತಣ್ಣಗಾಗ್ತದೆ,” ಎಂದಳು ಅಮ್ಮ.

“ತಮಾಷೆ ಅಲ್ಲ ಬೆನ್ನಿ. ಕಥೆ ಬರೆದಾಗಿದೆ. ಮಗ ವಿದೇಶದಲ್ಲಿ ಇರ್ತಾನೆ. ಇಲ್ಲಿ ತಂದೆಗೆ ಸೀರಿಯಸ್. ಮಗ ಕೆಲಸ ಗಿಲಸ ಎಲ್ಲ ಬಿಟ್ಟು ಓಡಿ ಬರ್ತಾನೆ. ಜೀವ ಹೋಗುವ ಮೊದಲು ಮುಟ್ತಾನೆ. ಅವನ ತಾಯಿ ಬಾಗಿಲಲ್ಲಿ ನಿಂತು, ‘ಬಂದೆಯಾ ಮಗನೇ, ಸರಿಯಾದ ಸಮಯಕ್ಕೆ ಬಂದೆ’ ಅಂತ ಹೇಳ್ತಾಳೆ.” ಪಪ್ಪ ನೋಟುಪುಸ್ತಕದ ಮೇಲೆ ಕೈಯಿಟ್ಟರು. “ತಾಯಿಯ ಪಾರ್ಟು ಮಾಂಯ್ ಮಾಡ್ಬೇಕು.”

ಮಾಂಯ್ ಎಂದರೆ ತಾಯಿ, ನಮ್ಮ ಅಜ್ಜಿ. ಅವಳು ಗಂಜಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಎದ್ದಳು. ಒಲ್ಲೆ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಅಂದಿನಿಂದ ಒಂದು ತಿಂಗಳು ಅಮ್ಮ ಮತ್ತು ಪಪ್ಪನ ನಡುವೆ ಜಗಳ. ಗಲ್ಫಿನಲ್ಲಿ ದುಡಿದ ಹಣದಲ್ಲಿ ಮನೆಗೆ ಒಂದು ತಾರಸಿ ಬರುವುದಿತ್ತು, ಕಬ್ಬಿಣದ ಸರಳುಗಳೂ ಅಂಗಳಕ್ಕೆ ಬಂದು ಬಿದ್ದಿದ್ದವು. ಸರಳಿಗೆ ತುಕ್ಕು ಹಿಡಿಯಿತೇ ಹೊರತು ತಾರಸಿ ಬರಲಿಲ್ಲ. ಕೊನೆಗೆ ಸೋತವಳು ಅಮ್ಮನೇ. ಯಾಕೆ ಒಪ್ಪಿದೆ ಎಂದು ನಾನು ಹೂ ಕಟ್ಟುವಾಗ ಕೇಳಿದ್ದಕ್ಕೆ, ಅಜ್ಜಿ ಹತ್ತಿರ ಇಲ್ಲವೆಂದು ನೋಡಿಕೊಂಡು ಮೆಲ್ಲನೆ ಹೇಳಿದಳು:

“ನಿನ್ನ ಪಪ್ಪನಿಗೆ ಸಿನಿಮಾದ ಹುಚ್ಚು ಎಂತದೂ ಇಲ್ಲ ಐರಿನ್. ಆ ಒಂದು ಮಾತು ಮಾಂಯ್ ಬಾಯಿಂದ ಕೇಳ್ಬೇಕು ಅಂತ ಇಷ್ಟೆಲ್ಲ. ಸುಮ್ಮನೆ ಕೇಳಿದ್ರೆ ಅವರು ಹೇಳುದಿಲ್ಲ, ಅಲ್ವಾ? ಕ್ಯಾಮೆರಾ ಇಟ್ಟು ಕೇಳಿದ್ರಾದ್ರೂ ಹೇಳ್ತಾರೋ ಏನೋ.”

ಸಿನಿಮಾಕ್ಕೆ ‘ಬಂದೆ ತಂದೆಯೇ ಬಂದೆ’ ಎಂದು ಹೆಸರಾಯಿತು. ಕೊಂಕಣಿಯಲ್ಲಿ ತೆಗೆದರೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಗೇಟಿನಿಂದ ಆಚೆ ಹೋಗುವುದಿಲ್ಲ ಎಂದು ಪಪ್ಪ ಕನ್ನಡದಲ್ಲೇ ತೆಗೆದರು. ನಮಗೆ ಕನ್ನಡ ಎಂದರೆ ಶಾಲೆಯ ಭಾಷೆ, ಪಂಚಾಯತು ಆಫೀಸಿನ ಭಾಷೆ. ಹಾಗಾಗಿ ನೋಟುಪುಸ್ತಕದಲ್ಲಿ ಮಗ ಸಾಯುವ ತಂದೆಯನ್ನು, “ತಂದೆಯವರೇ, ತಮ್ಮ ಆರೋಗ್ಯದ ಪರಿಸ್ಥಿತಿಯು ಪ್ರಸ್ತುತ ಹೇಗಿರುತ್ತದೆ?” ಎಂದು ಕೇಳುತ್ತಿದ್ದ. ಅರ್ಜಿ ಬರೆದು ಬರೆದು ಅಭ್ಯಾಸವಾದ ಕೈ ಅದು. ತಂದೆಯ ಪಾರ್ಟು ನಮ್ಮ ವಾರ್ಡಿನ ಪೌಲ್ ಮಾಸ್ಟ್ರಿಗೆ ಹೋಯಿತು. ನಿವೃತ್ತ ಶಿಕ್ಷಕರು, ಹಬ್ಬದ ನಾಟಕಗಳಲ್ಲಿ ನಲವತ್ತು ವರ್ಷ ರಾಜನ ಪಾರ್ಟು ಮಾಡಿದವರು. ಸಾಯುವುದಕ್ಕೆ ಒಪ್ಪಿಕೊಂಡರು, ಆದರೆ ಒಂದು ಷರತ್ತು: ಸಾಯುವ ಮೊದಲಿನ ಮಾತುಗಳನ್ನು ತಾವೇ ಬರೆದು ತರುತ್ತೇನೆ ಎಂದರು. ಮೂರು ಪುಟ ತಂದರು. ಕ್ಯಾಮೆರಾಕ್ಕೆ ಕಟಪಾಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಸುಧಾಕರಣ್ಣ ಬಂದರು. ಸುತ್ತಲಿನ ಮದುವೆಗಳ ವಿಡಿಯೋ ಎಲ್ಲ ಅವರದೇ.

“ನೀವು ಹೆದರ್ಬೇಡಿ ಮಾರಾಯ್ರೆ,” ಎಂದರು ಸುಧಾಕರಣ್ಣ ಪಪ್ಪನಿಗೆ. “ನಾನು ತೆಗೆದ ಮದುವೆಯಲ್ಲಿ ಇವತ್ತಿನವರೆಗೆ ಒಬ್ಬ ನೆಂಟನೂ ಬಿಟ್ಟು ಹೋದದ್ದಿಲ್ಲ. ಊಟಕ್ಕೆ ಕೂತವರದ್ದು ಒಬ್ಬೊಬ್ಬರದ್ದೂ ಮುಖ ಬರ್ತದೆ.”

ಅದು ಭರವಸೆಯ ಮಾತು ಎಂದು ಪಪ್ಪ ತಿಳಿದರು. ಎಚ್ಚರಿಕೆ ಎಂದು ತಿಳಿಯಬೇಕಿತ್ತು.

ಮೊದಲು ತೆಗೆದದ್ದು ಮಗ ಓಡಿ ಬರುವ ಭಾಗ. ಪಪ್ಪ ಸಫಾರಿ ಸೂಟು ಹೊಲಿಸಿದ್ದರು, ಕಪ್ಪು ಕನ್ನಡಕ ಹಾಕಿದ್ದರು, ಕೈಯಲ್ಲಿ ನಿಜವಾಗಿಯೂ ಬಹ್ರೈನಿನಿಂದ ಬಂದ ಸೂಟ್‌ಕೇಸು. ವಿಮಾನಕ್ಕೆ ಕ್ಯಾಲೆಂಡರಿನ ಚಿತ್ರವೇ ಸಾಕಾಯಿತು, ಸುಧಾಕರಣ್ಣ ಕ್ಯಾಮೆರಾವನ್ನು ಸ್ವಲ್ಪ ಅಲುಗಾಡಿಸಿದರು. ಆಮೇಲೆ ಮಗ ಬಸ್ಸಿನಿಂದ ಇಳಿದು ಓಡುತ್ತಾನೆ. ಓಡುವುದಾದರೆ ಚಂದದ ಜಾಗದಲ್ಲಿ ಓಡಬೇಕು ಎಂದು ಪಪ್ಪನ ವಾದ. ಹಾಗೆ ಅವರು ಕಾಪುವಿನ ದೀಪಸ್ತಂಭದ ಬಂಡೆಯನ್ನು ಹತ್ತಿ, ಮೇಲೆ ನಿಂತು ಸಮುದ್ರ ನೋಡಿ, ಇಳಿದು ಓಡಿದರು. ಮಲ್ಪೆಯಲ್ಲಿ ಮೀನಿನ ಬುಟ್ಟಿಗಳ ನಡುವೆ ಓಡಿದರು, ಅಲ್ಲಿ ಒಬ್ಬಳು ಹೆಂಗಸು, “ಕಳ್ಳನಾ ಎಂತ?” ಎಂದು ಕೂಗಿದ್ದೂ ಟೇಪಿನಲ್ಲಿ ಬಂತು. ಇನ್ನೊಂದು ದಿನ ಕಾರ್ಕಳಕ್ಕೆ ಹೋಗಿ ಅಲ್ಲಿನ ಕರಿಬಂಡೆಗಳ ಮೇಲೂ ಓಡಿದರು. ಪ್ರತಿ ಓಟದಲ್ಲೂ ಕೈಯಲ್ಲಿ ಸೂಟ್‌ಕೇಸು ಇತ್ತು, ಖಾಲಿ ಎಂದು ಗೊತ್ತಾಗದಿರಲಿ ಎಂದು ಅದರೊಳಗೆ ಅಮ್ಮನ ಎರಡು ಅರೆಯುವ ಗುಂಡುಕಲ್ಲು ಹಾಕಿದ್ದರು. ಸಂಜೆ ತೇರ್ಸಿಗೆ ಮೊಣಕಾಲೂರಲು ಪಪ್ಪನಿಗೆ ಆಗುತ್ತಿರಲಿಲ್ಲ. ಆದರೂ ಅವರು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ನಾನು, ತಂಗಿ ಶಾಲೆಯಿಂದ ಬಂದ ಕೂಡಲೇ ಅಂದಿನ ಓಟವನ್ನು ಅಂಗಳದಲ್ಲಿ ಓಡಿಯೇ ತೋರಿಸುತ್ತಿದ್ದರು.

ಸಾವಿನ ದೃಶ್ಯಕ್ಕೆ ಒಂದು ಭಾನುವಾರ ನಿಗದಿಯಾಯಿತು. ಪಪ್ಪ ಅಟ್ಟದಿಂದ ಅಜ್ಜನ ಮಂಚವನ್ನೇ ಇಳಿಸಿ, ಚಾವಡಿಯಲ್ಲಿ ಅದು ಇದ್ದ ಜಾಗದಲ್ಲೇ ಹಾಕಿದರು. ಅಜ್ಜಿ ಅದನ್ನು ನೋಡಿ ಅಡುಗೆಮನೆಗೆ ಹೋದವಳು ಕರೆಯುವವರೆಗೆ ಹೊರಗೆ ಬರಲಿಲ್ಲ. ಅಳುವುದಕ್ಕೆಂದು ವಾರ್ಡಿನ ಇಪ್ಪತ್ತು ಹೆಂಗಸರಿಗೆ ಹೇಳಿಕೆ ಹೋಗಿತ್ತು. ವಿಡಿಯೋ ಎಂದ ಮೇಲೆ ಮದುವೆಯ ಉಡುಪಲ್ಲದೆ ಬೇರೆ ಉಂಟೇ? ಎಲ್ಲರೂ ಜರಿ ಸೀರೆ ಉಟ್ಟು, ಬಂಗಾರ ಹಾಕಿ, ತಲೆತುಂಬ ಮಲ್ಲಿಗೆ ಮುಡಿದು ಬಂದರು. ಹೂವು ತೆಗೆಯಿರಿ ಎಂದು ಹೇಳಲು ಪಪ್ಪನಿಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ನಮ್ಮದೇ ಹಿತ್ತಿಲಿನ ಹೂವು, ಬೆಳಿಗ್ಗೆ ಅಮ್ಮನೇ ಹಂಚಿದ್ದಳು. ಅಮ್ಮ ಇಡ್ಲಿಯಂಥ ಸಾನ್ನಾಂ ಬೇಯಿಸಿ, ಹಂದಿಮಾಂಸದ ಸಾರು ಮಾಡಿ, ಸುಧಾಕರಣ್ಣನಿಗೆ ಬೇರೆ ಕೋಳಿ ಸಾರು ಮಾಡಿದ್ದಳು. ಮನೆಯೊಳಗೆಲ್ಲ ಹಬ್ಬದ ಪರಿಮಳ. ಆ ಪರಿಮಳದ ನಡುವೆ ಪೌಲ್ ಮಾಸ್ಟ್ರು ಮಂಚದ ಮೇಲೆ ಮಲಗಿ ಸಾಯತೊಡಗಿದರು.

ಸಾಯುವುದು ಎಷ್ಟು ಕಷ್ಟ ಎಂದು ನಾನು ಅಂದು ಕಂಡೆ. ಎರಡನೆಯ ಪುಟದ ನಡುವೆ ಪೌಲ್ ಮಾಸ್ಟ್ರಿಗೆ ಮಾತು ಮರೆಯುತ್ತಿತ್ತು. ಆಗ ಎದ್ದು ಕುಳಿತು, ಕನ್ನಡಕ ಹಾಕಿ, ದಿಂಬಿನ ಕೆಳಗಿನ ಕಾಗದ ಓದಿ, ಕನ್ನಡಕ ತೆಗೆದು ಮತ್ತೆ ಮಲಗಿ ನರಳುತ್ತಿದ್ದರು. ಪಪ್ಪ ಅವಸರ ಮಾಡಿದರೆ, “ಸ್ವಲ್ಪ ತಡಿಯಪ್ಪಾ ಗ್ರೆಗರಿ, ಸಾಯುವವನಿಗೆ ನೀನು ಗಡಿಬಿಡಿ ಮಾಡ್ಬಾರ್ದು,” ಎನ್ನುತ್ತಿದ್ದರು. ಸುಧಾಕರಣ್ಣನ ಕ್ಯಾಮೆರಾ ಮಾಸ್ಟ್ರ ಮುಖದಲ್ಲಿ ನಾಲ್ಕು ಮಾತಿನಷ್ಟು ನಿಂತು, ಅಭ್ಯಾಸಬಲದಿಂದ ಹೆಂಗಸರ ಸಾಲಿಗೆ ಹೊರಳುತ್ತಿತ್ತು. ಕ್ಯಾಮೆರಾ ತನ್ನ ಹತ್ತಿರ ಬಂದ ಕೂಡಲೇ ಒಬ್ಬೊಬ್ಬಳೂ ಅಳು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಸಣ್ಣಗೆ ನಕ್ಕು, ಕ್ಯಾಮೆರಾ ದಾಟಿದ ಮೇಲೆ ಅಳು ಮುಂದುವರಿಸುತ್ತಿದ್ದಳು.

ಆಮೇಲೆ ಅಜ್ಜಿಯ ಸರದಿ. ಪಪ್ಪ ಸೂಟ್‌ಕೇಸು ಹಿಡಿದು ಅಂಗಳದಿಂದ ಓಡಿ ಬಂದು ಮೆಟ್ಟಿಲಲ್ಲಿ ನಿಂತರು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅವಳು ಹೇಳಬೇಕಾದದ್ದು ಎರಡೇ ಮಾತು, ನಾನು ಒಂದು ವಾರ ಕೂತು ಬಾಯಿಪಾಠ ಮಾಡಿಸಿದ್ದೆ, ಹೂ ಕಟ್ಟುವಾಗ ತಪ್ಪಿಲ್ಲದೆ ಒಪ್ಪಿಸಿದ್ದಳು. ಈಗ ಪಪ್ಪನ ಮುಖ ನೋಡಿದಳು, ತುಟಿ ಬಿಗಿದಳು. ಪಪ್ಪ ಮತ್ತೆ ಅಂಗಳಕ್ಕೆ ಹೋಗಿ ಮತ್ತೆ ಓಡಿ ಬಂದರು. ಮತ್ತೆ ಅದೇ. ಆರು ಸಲ ಓಡಿ ಬಂದರು. ಆರನೆಯ ಸಲ ಅವರಿಗೆ ಉಬ್ಬಸ ಹತ್ತಿತ್ತು.

“ಮಾಂಯ್, ಎರಡೇ ಮಾತು. ‘ಬಂದೆಯಾ ಮಗನೇ’ ಅಂತ. ಅಷ್ಟೇ ಹೇಳಿ ಸಾಕು,” ಎಂದರು. ಡೈರೆಕ್ಟರ್ ಹೇಳುವ ಧ್ವನಿ ಆಗಿರಲಿಲ್ಲ ಅದು.

ಅಜ್ಜಿ ತಿರುಗಿ ಚಾವಡಿಗೆ ಹೋಗಿ, ಮಂಚದ ಪಕ್ಕದಲ್ಲಿ ಮೊಣಕಾಲೂರಿ, ಕೊರಳಿನಿಂದ ಜಪಸರ ತೆಗೆದಳು. ಶಿಲುಬೆಯ ಗುರುತು ಮಾಡಿ ತೇರ್ಸು ಶುರುಮಾಡಿಯೇಬಿಟ್ಟಳು. ಅಜ್ಜಿ ಶುರುಮಾಡಿದ ಮೇಲೆ ಉತ್ತರ ಕೊಡದಿರುವುದು ಹೇಗೆ? ಇಪ್ಪತ್ತು ಹೆಂಗಸರೂ ಮೊಣಕಾಲೂರಿದರು. ಶುರುಮಾಡಿದ ಪ್ರಾರ್ಥನೆಯನ್ನು ನಡುವೆ ನಿಲ್ಲಿಸುವ ಕ್ರಮ ನಮ್ಮಲ್ಲಿ ಇಲ್ಲ. ‘ಕಟ್’ ಎನ್ನಬೇಕಾದ ಪಪ್ಪನೇ ಕಪ್ಪು ಕನ್ನಡಕ ತೆಗೆದು ಮೊಣಕಾಲೂರಿದರು. ಸುಧಾಕರಣ್ಣ, ಪಾಪ, ದೇವರ ಕೆಲಸ ನಡೆಯುವಾಗ ಕ್ಯಾಮೆರಾ ನಿಲ್ಲಿಸಬಾರದೆಂದು ಚಪ್ಪಲಿ ಬಿಟ್ಟು ಬಂದು, ಐವತ್ತಮೂರು ಮಣಿಯ ತೇರ್ಸನ್ನು ಪೂರ್ತಿ ತೆಗೆದರು. ಮಂಚದ ಮೇಲೆ ಸತ್ತಿದ್ದ ಪೌಲ್ ಮಾಸ್ಟ್ರು ಕಣ್ಣು ಮುಚ್ಚಿಕೊಂಡೇ ಎಲ್ಲದಕ್ಕೂ ಉತ್ತರ ಕೊಟ್ಟರು. ಮುಗಿದ ಮೇಲೆ ಅಜ್ಜಿ ಎದ್ದು ಒಳಗೆ ಹೋದಳು. ಅಲ್ಲಿಗೆ ಆ ದಿನದ ಶೂಟಿಂಗ್ ಮುಗಿಯಿತು, ಎಲ್ಲರೂ ಸಾನ್ನಾಂ ತಿಂದು ಮನೆಗೆ ಹೋದರು.

ಅಜ್ಜಿಗೆ ಮರೆತುಹೋಯಿತು, ವಯಸ್ಸಾಯಿತಲ್ಲ ಎಂದು ನಾನು ಪಪ್ಪನಿಗೆ ಸಮಾಧಾನ ಹೇಳಿದೆ. ಪಪ್ಪ ತಲೆಯಾಡಿಸಿದರು. ಆದರೆ ಮಾತಿಲ್ಲದೆ ಸಿನಿಮಾ ಮುಗಿಯುವುದಿಲ್ಲ. ಮಣಿಪಾಲದಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ, ಗೋಡೆಗೆಲ್ಲ ಗೋಣಿ ಹೊಡೆದು ಧ್ವನಿ ಸೇರಿಸುವ ಏರ್ಪಾಡು ಇತ್ತು. ಅಜ್ಜಿ ಅಲ್ಲಿಗೆ ಬರಲು ಒಪ್ಪಲಿಲ್ಲ. ಅವಳ ಬದಲು ನೀನೇ ಹೇಳು ಎಂದು ಪಪ್ಪ ಅಮ್ಮನನ್ನು ಕೇಳಿದರು.

“ಮಾಂಯ್ ಬಾಯಲ್ಲಿ ನಾನು ಮಾತಾಡುದಾ? ಈ ಮನೆಯಲ್ಲಿ ಯಾರ ಮಾತು ನಡೀತದೆ ಅಂತ ಮೊದಲೇ ಊರಿಗೆಲ್ಲ ಸಂಶಯ,” ಎಂದು ಅಮ್ಮ ಪಾತ್ರೆ ತೊಳೆಯಲು ಹೋದಳು.

ಹಾಗೆ ಆ ಕೆಲಸ ನನಗೆ ಬಂತು. ಹನ್ನೆರಡು ವರ್ಷದ ಹುಡುಗಿ, ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದವಳು. ಮೈಕಿನ ಎದುರು ಸ್ಟೂಲಿನ ಮೇಲೆ ನಿಂತು, ಧ್ವನಿಯನ್ನು ಸ್ವಲ್ಪ ನಡುಗಿಸಿ, ಒಂದೇ ಸಲಕ್ಕೆ ಹೇಳಿ ಮುಗಿಸಿದೆ: “ಬಂದೆಯಾ ಮಗನೇ! ಸರಿಯಾದ ಸಮಯಕ್ಕೆ ಬಂದೆ!” ಪಪ್ಪ ಗಾಜಿನ ಆಚೆ ನಿಂತಿದ್ದರು. ಅವರ ಕಣ್ಣು ತುಂಬಿತ್ತು. ನಾನು ಎಷ್ಟು ಚೆನ್ನಾಗಿ ಹೇಳಿದೆ ಎಂದು ಹಿಗ್ಗಿದೆ. ವಾಪಸು ಬರುವಾಗ ಉಡುಪಿಯಲ್ಲಿ ಇಳಿಸಿ ನನಗೆ ಐಸ್‌ಕ್ರೀಂ ಕೊಡಿಸಿದರು.

ಇಗರ್ಜಿಯ ಸಭಾಂಗಣದಲ್ಲಿ ಒಂದು ಭಾನುವಾರ ಮಧ್ಯಾಹ್ನ ಪ್ರದರ್ಶನ. ಕಿಟಕಿಗಳಿಗೆ ತಾಡಪಾಲು ಕಟ್ಟಿ, ಉಡುಪಿಯಿಂದ ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ಪರದೆಯ ಮೇಲೆ ಬಿಟ್ಟರು. ಊರಿಗೆ ಊರೇ ಬಂದಿತ್ತು. ಅಜ್ಜಿಯನ್ನು ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು, ಪಕ್ಕದಲ್ಲಿ ಪಪ್ಪ. ನಾನು ಹಿಂದಿನ ಸಾಲಿನಲ್ಲಿ ಗೆಳತಿಯರ ನಡುವೆ ಇದ್ದೆ. ಮೊದಲ ಹತ್ತು ನಿಮಿಷ ಎಲ್ಲರೂ ಗೌರವದಿಂದ ನೋಡಿದರು. ಕಾಪುವಿನ ದೀಪಸ್ತಂಭ ಬಂದಾಗ ಚಪ್ಪಾಳೆಯೂ ಬಿತ್ತು. ಪಪ್ಪ ಬಂಡೆ ಹತ್ತಿ ಸಮುದ್ರ ನೋಡುತ್ತ ನಿಂತಾಗ ಹಿಂದಿನಿಂದ ಒಬ್ಬರು ಕೂಗಿದರು:

“ಎಂತ ಮಾರಾಯ, ಸಮುದ್ರ ಆಮೇಲೆ ನೋಡು, ಮೊದಲು ಮನೆಗೆ ಹೋಗು!”

ಅಲ್ಲಿಂದ ಶುರುವಾಯಿತು. ಮಲ್ಪೆಯ ಹೆಂಗಸು “ಕಳ್ಳನಾ ಎಂತ?” ಎಂದಾಗ ಇಡೀ ಸಭೆ ಎದ್ದು ಕುಣಿಯಿತು. ಕಾರ್ಕಳದ ಬಂಡೆ ಕಂಡ ಕೂಡಲೇ, “ಕಟಪಾಡಿಗೆ ಹೊರಟವ ಕಾರ್ಕಳಕ್ಕೆ ಹೋದ! ಇವ ಬಂದು ಮುಟ್ಟುವಾಗ ತಂದೆಯ ವರ್ಷದ ಪೂಜೆ ಮುಗಿದಿರ್ತದೆ,” ಎಂದು ಇನ್ನೊಬ್ಬರು. ಪಪ್ಪ ಕುಳಿತಲ್ಲಿ ನಕ್ಕಂತೆ ಮಾಡಿದರು. ಸಾಯುವ ತಂದೆಯ ನರಳಾಟದ ನಡುವೆ ತಮ್ಮ ತಮ್ಮ ನಗುಮುಖಗಳು ಒಂದೊಂದಾಗಿ ಪರದೆಯ ಮೇಲೆ ಬಂದಾಗ ಹೆಂಗಸರೇ ಹೊಟ್ಟೆ ಹಿಡಿದುಕೊಂಡರು. ಸುಧಾಕರಣ್ಣ ಪ್ರೀತಿಯಿಂದ, ಕೇಳದೆಯೇ, ತಾನು ಮದುವೆಗಳಿಗೆ ಸೇರಿಸುವ ಗುಲಾಬಿ ಎಸಳುಗಳನ್ನೂ ಮಂಚದ ಮೇಲೆ ಸುರಿಸಿದ್ದರು, ಕೊನೆಗೆ ಪೌಲ್ ಮಾಸ್ಟ್ರ ಮುಖ ಒಂದು ಕೆಂಪು ಹೃದಯದ ಒಳಗೆ ಬಂದು ನಿಂತಿತು. ಹೆಣದ ತುಟಿ ತೇರ್ಸಿಗೆ ಅಲುಗಾಡುತ್ತಿದ್ದದ್ದನ್ನು ನೋಡಿ ಪಾದ್ರಿಯವರೂ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಪೌಲ್ ಮಾಸ್ಟ್ರಂತೂ ಎದ್ದು ನಿಂತು, ರಾಜನ ಪಾರ್ಟಿನಲ್ಲಿ ಬಾಗುವಂತೆ ಬಾಗಿ, ಚಪ್ಪಾಳೆ ಸ್ವೀಕರಿಸಿದರು.

ಆಮೇಲೆ ಆ ದೃಶ್ಯ ಬಂತು. ಕಥೆಯ ಕ್ರಮದಲ್ಲಿ ಅದು ಸಾವಿಗೆ ಮೊದಲು ಬರಬೇಕಿತ್ತು, ಆದರೆ ಮಣಿಪಾಲದಲ್ಲಿ ಜೋಡಿಸುವಾಗ ಏನೋ ಹಿಂದುಮುಂದಾಗಿ, ತಂದೆ ಸತ್ತು ತೇರ್ಸೂ ಮುಗಿದ ಮೇಲೆ ಮಗ ಓಡಿ ಬಂದು ಮೆಟ್ಟಿಲಲ್ಲಿ ನಿಂತ. ಬಾಗಿಲಲ್ಲಿ ಅಜ್ಜಿಯ ದೊಡ್ಡ ಮುಖ, ಬಿಗಿದ ತುಟಿ, ಅಲುಗದ ಕಣ್ಣು. ಆ ಮುಚ್ಚಿದ ಬಾಯಿಂದ ಒಬ್ಬಳು ಪುಟ್ಟ ಹುಡುಗಿಯ ಕೀರಲು ಧ್ವನಿ ಹೊರಟಿತು: “ಬಂದೆಯಾ ಮಗನೇ! ಸರಿಯಾದ ಸಮಯಕ್ಕೆ ಬಂದೆ!”

ಅಂಥ ನಗುವನ್ನು ನಾನು ಮತ್ತೆಂದೂ ಕೇಳಿಲ್ಲ. ಬೆಂಚುಗಳು ಅಲುಗಾಡಿದವು. ಧ್ವನಿ ಯಾರದ್ದು, ಯಾರದ್ದು ಎಂದು ಗೆಳತಿಯರು ಕೇಳತೊಡಗಿದರು. ಅದು ನನ್ನದೆಂದು ಗೊತ್ತಾಗಬಾರದೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗುತ್ತ ನಗುತ್ತ ಬೆಂಚಿಗೆ ಬಡಿದೆ. ಪಪ್ಪ ಹಿಂದಕ್ಕೆ ತಿರುಗಿ ನೋಡಿದರು, ಅಷ್ಟು ಜನರ ನಡುವೆ ಸರಿಯಾಗಿ ನನ್ನನ್ನೇ ನೋಡಿದರು. ಆಮೇಲೆ ಮುಂದಕ್ಕೆ ತಿರುಗಿದರು. ನನ್ನ ಬದುಕಿನಲ್ಲಿ ನಾನು ಮಾಡಿದ ಸಣ್ಣತನಗಳು ಬೇಕಾದಷ್ಟಿವೆ. ಒಂದನ್ನು ಅಳಿಸಬಹುದು ಎಂದು ಯಾರಾದರೂ ವರ ಕೊಟ್ಟರೆ ನಾನು ಆ ನಗುವನ್ನು ಅಳಿಸುತ್ತೇನೆ. ಯಾರಾದರೂ ತೊದಲಿದರೆ, ವೇದಿಕೆಯ ಮೇಲೆ ತಪ್ಪಿದರೆ ಇಂದಿಗೂ ನನಗೆ ಮೊದಲು ಮನಸ್ಸಿಗೆ ಬರುವುದು ಅವರ ಮನೆಯವರು ಎಲ್ಲಿ ಕುಳಿತಿದ್ದಾರೋ ಎಂದು.

ಮರುದಿನ ಬೆಳಿಗ್ಗೆ ಎಂದಿನಂತೆ ಹೂ ಕೊಯ್ದೆವು. ಚಾವಡಿಯಲ್ಲಿ ಅಮ್ಮ, ಅಜ್ಜಿ, ನಾನು ಸುತ್ತ ಕುಳಿತು ಕಟ್ಟುತ್ತಿದ್ದೆವು. ಪಪ್ಪ ಎದ್ದು ಬಂದು, ಮಂಚ ಇದ್ದ ಜಾಗದಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಮುಖ ತೊಳೆದಿರಲಿಲ್ಲ. ಅಮ್ಮ ಎದ್ದು ಚಾ ತಂದಿಟ್ಟಳು. ಅದು ಆರಿತು. ನಾನು ತಲೆ ಎತ್ತಲಿಲ್ಲ. ಅಜ್ಜಿ, ಬೆರಳು ನಿಲ್ಲಿಸದೆ, ಹೂವನ್ನೇ ನೋಡುತ್ತ ಹೇಳಿದಳು:

“ಗ್ರೆಗರಿ, ನಿನ್ನ ಸಿನಿಮಾದಲ್ಲಿ ಒಂದು ತಪ್ಪು ಉಂಟು.”

“ಒಂದೇಯಾ ಮಾಂಯ್?” ಎಂದರು ಪಪ್ಪ.

“ನಿನ್ನ ಅಪ್ಪ ಅಷ್ಟೆಲ್ಲ ಮಾತಾಡ್ಲಿಲ್ಲ. ಆ ಪೌಲು ಎಂತೆಂತದೋ ಹೇಳಿದ. ಅವರು ಮೂರು ದಿನ ಮಲಗಿದ್ರು, ಹತ್ತು ಮಾತೂ ಆಡಿರ್ಲಿಕ್ಕಿಲ್ಲ.”

ಪಪ್ಪ ನೆಟ್ಟಗಾಗಿ ಕುಳಿತರು. ಅಮ್ಮ ನಾರು ಹಿಡಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಏಳು ವರ್ಷಗಳಲ್ಲಿ ಆ ದಿನಗಳ ಬಗ್ಗೆ ಅಜ್ಜಿ ಬಾಯಿಬಿಟ್ಟದ್ದು ಅದೇ ಮೊದಲು.

“ಮೊದಲ ದಿನವೇ ನಾನು ಹೇಳಿದೆ, ಪೇಟೆಗೆ ಹೋಗಿ ಗ್ರೆಗರಿಗೆ ಫೋನ್ ಮಾಡಿಸ್ತೇನೆ ಅಂತ. ಬೇಡ ಅಂದ್ರು. ‘ಅವ ಹೋಗಿ ಆರು ತಿಂಗಳು ಆಗ್ಲಿಲ್ಲ, ಕೇಳಿದ್ರೆ ಓಡಿ ಬರ್ತಾನೆ, ಮತ್ತೆ ಅವರು ಕೆಲಸಕ್ಕೆ ಸೇರಿಸ್ಕೊಳ್ಳುದಿಲ್ಲ. ಬಾಣಂತಿ ಹೆಂಡತಿ ಉಂಟು, ಮಕ್ಕಳುಂಟು. ಹೇಳ್ಬೇಡ’ ಅಂತ. ನಾನು ಹೇಳ್ಲಿಲ್ಲ. ಎರಡನೇ ದಿನ ಹೋಗುವ ಅಂತ ಚಪ್ಪಲಿ ಹಾಕಿದೆ. ಮತ್ತೆ ತೆಗೆದೆ. ಮೂರು ದಿನ ಇತ್ತು ಮಗಾ. ಬೇಕಿದ್ರೆ ನೀನು ಬಂದು ಮುಟ್ತಿದ್ದೆ. ನೀನು ಬರ್ಲಿಲ್ಲ ಅಂತ ಅಲ್ಲ. ನಾನು ಕರೀಲಿಲ್ಲ.” ಅಜ್ಜಿ ಇನ್ನೊಂದು ಹಿಡಿ ಮೊಗ್ಗು ತೆಗೆದುಕೊಂಡಳು. “ಸರಿಯಾದ ಸಮಯಕ್ಕೆ ಬಂದೆ ಅಂತ ನಾನು ಹೇಗೆ ಹೇಳುದು? ಬರದ ಹಾಗೆ ಮಾಡಿದವಳೇ ನಾನು. ನಿನ್ನ ಮುಖ ನೋಡ್ಲಿಕ್ಕೇ ಆಗುದಿಲ್ಲ ನನಗೆ.”

ಪಪ್ಪ ಚಾದ ಲೋಟವನ್ನು ಬದಿಗೆ ಸರಿಸಿದರು. ಚಾವಡಿಯ ಈ ತುದಿಯಿಂದ ಆ ತುದಿಗೆ ನೆಲದ ಮೇಲೆಯೇ ಸರಿದು ಬಂದು, ಅಜ್ಜಿಯ ಮಣೆಯ ಪಕ್ಕದಲ್ಲಿ ಕುಳಿತರು. ಮಕ್ಕಳ ಧ್ವನಿಯಲ್ಲಿ ಕೇಳಿದರು:

“ಜೀವ ಹೋಗುವಾಗ ಎಂತ ಹೇಳಿದ್ರು ಮಾಂಯ್?”

“ಎಂತದೂ ಇಲ್ಲ. ಸ್ವಲ್ಪ ಮಜ್ಜಿಗೆ ಕೊಡು ಅಂದ್ರು. ನಾನು ಒಳಗೆ ಹೋದೆ, ಉಪ್ಪು ಹಾಕಿ ತರುವಾಗ ಆಗಿತ್ತು.” ಅಜ್ಜಿಯ ಬೆರಳುಗಳು ನಿಂತವು. ಅವಳು ತಲೆ ಎತ್ತಿ ಪಪ್ಪನ ಮುಖವನ್ನು ನೋಡಿದಳು. “ಆ ಹೊತ್ತಿಗೆ ನಾನೂ ಹತ್ತಿರ ಇರ್ಲಿಲ್ಲ ಮಗಾ.”